ಹತಾರದ ಹಿಡಿತ ಮತ್ತು ಕೆಲಸದ ನಿಖರತೆ

ಮುಂಬಯಿಯ ಫೋರ್ಟ್ ಪ್ರದೇಶದಲ್ಲಿ, ಶಹೀದ್ ಭಗತ್ ಸಿಂಗ್ ರಸ್ತೆಯಲ್ಲಿ, ಭಾರತ ಸರ್ಕಾರದ ಟಂಕಸಾಲೆ ಇದೆ. 1829ರಲ್ಲಿ ಸ್ಥಾಪನೆಯಾದ ಈ ಟಂಕಸಾಲೆಯಲ್ಲಿ ನಾಣ್ಯಗಳಲ್ಲದೆ ಪದಕಗಳೂ ಪ್ರಮಾಣಿತ ತೂಕದ ಬಟ್ಟುಗಳೂ ತಯಾರಾಗುತ್ತವೆ. ಚಲಾವಣೆಯ ನಾಣ್ಯದಲ್ಲಿ ಇಸವಿಯ ಕೆಳಗೆ ವಜ್ರಾಕೃತಿಯ ಪುಟ್ಟ ಗುರುತಿದ್ದರೆ ಅದು ಇಲ್ಲಿ ಟಂಕಿಸಿದ ನಾಣ್ಯ.

ನಾಣ್ಯದ ಮೇಲೆ ಚಿತ್ರವನ್ನು ಮೂಡಿಸುವುದು ಗಡಸು ಉಕ್ಕಿನ ಅಚ್ಚು. ಒಂದೇ ಅಚ್ಚಿನಿಂದ ಸಾವಿರಾರು ನಾಣ್ಯಗಳು ಹೊರಬರುವುದರಿಂದ, ಅಚ್ಚಿನಲ್ಲಿ ಉಳಿದ ದೋಷವು ಅಷ್ಟೂ ನಾಣ್ಯಗಳಲ್ಲಿ ಕಾಣಿಸಿಕೊಳ್ಳುತ್ತದೆ. ಆದಕಾರಣ ಅಚ್ಚಿನಂತಹ ಸೂಕ್ಷ್ಮ ಕೆಲಸಕ್ಕೆ ಉತ್ತಮ ಯಂತ್ರ ಮತ್ತು ಹರಿತವಾದ ಹತಾರ ಇದ್ದರಷ್ಟೇ ಸಾಲದು. ಇವೆರಡರ ನಡುವೆ ಹತಾರವನ್ನು ಹಿಡಿದಿರುವ ಹಿಡಿಕೆಯೂ ಸರಿಯಾಗಿರಬೇಕು.

ತಿರುಗುವ ಕಟ್ಟರ್ ತನ್ನ ಅಕ್ಷದಿಂದ ಕೊಂಚ ಸರಿದಿದ್ದರೆ ಏನಾಗುತ್ತದೆಂಬುದನ್ನು ನೋಡೋಣ. ಎರಡು ಅಲಗುಗಳ ಕಟ್ಟರಿನ ಪ್ರತಿಯೊಂದು ಅಲಗೂ 0.02 ಮಿಲಿಮೀಟರ್ ಲೋಹವನ್ನು ಕತ್ತರಿಸಬೇಕಾಗಿದೆಯೆಂದು ಭಾವಿಸೋಣ. ಡಯಲ್ ಗೇಜಿನಲ್ಲಿ ಕೇವಲ 0.01 ಮಿಲಿಮೀಟರ್ ಓಲಾಟ ಕಂಡುಬಂದರೂ, ಒಂದು ಅಲಗಿನ ಪಾಲಿಗೆ 0.03, ಇನ್ನೊಂದರ ಪಾಲಿಗೆ 0.01 ಮಿಲಿಮೀಟರ್ ಬರಬಹುದು. ಅಂದರೆ ಒಂದು ಅಲಗು ಮತ್ತೊಂದರ ಮೂರು ಪಟ್ಟು ದುಡಿಯುತ್ತದೆ. ಅದು ಬೇಗನೆ ಸವೆಯುತ್ತದೆ. ಕೊರೆದ ಗಾಡಿಯೂ ಅಳತೆಗಿಂತ ಅಗಲವಾಗುತ್ತದೆ.

ಹತಾರವು ಹಿಡಿಕೆಯಿಂದ ಎಷ್ಟು ಹೊರಚಾಚಿದೆ ಎಂಬುದೂ ಮುಖ್ಯ. ಹೊರಚಾಚಿದ ಉದ್ದ ಎರಡು ಪಟ್ಟಾದರೆ, ಅದೇ ಬಲಕ್ಕೆ ಹತಾರವು ಎಂಟು ಪಟ್ಟು ಬಾಗುತ್ತದೆ. ಬಾಗುವ ಹತಾರ ಕಂಪಿಸುತ್ತದೆ. ಆ ಕಂಪನವು ಲೋಹದ ಮೇಲೆ ಅಲೆಯಂತಹ ಗೆರೆಗಳನ್ನು ಉಳಿಸುತ್ತದೆ. ಕಾರ್ಬೈಡ್ ಹತಾರವು ಬಹಳ ಗಡಸಾದರೂ ಸುಲಭವಾಗಿ ಚಕ್ಕೆಯೇಳುವಂಥದು. ಕಂಪನಕ್ಕೆ ಮೊದಲು ಬಲಿಯಾಗುವುದು ಅದರ ಅಂಚೇ.

ಈ ದೋಷಗಳನ್ನು ತಡೆಯಲು ಹೆಚ್ಚಿನ ವೆಚ್ಚ ಬೇಕಿಲ್ಲ. ಹಿಡಿಕೆಯನ್ನು ಕೂಡಿಸುವ ಮುನ್ನ ಅದರ ಶಂಕುವಿನಾಕಾರದ ಭಾಗವನ್ನೂ ಯಂತ್ರದ ಕುಳಿಯನ್ನೂ ಶುಭ್ರವಾಗಿ ಒರೆಸಬೇಕು. ಅಲ್ಲಿ ಸಿಕ್ಕಿಕೊಂಡ ಒಂದು ಲೋಹದ ಚೂರು ಹತಾರವನ್ನು ಓರೆಯಾಗಿಸಬಲ್ಲದು. ಡ್ರಿಲ್ ಚಕ್ ರಂಧ್ರ ಕೊರೆಯುವುದಕ್ಕೆ ತಕ್ಕದ್ದು. ಪಕ್ಕದ ಒತ್ತಡವಿರುವ ಮಿಲ್ಲಿಂಗ್ ಕೆಲಸಕ್ಕೆ ಹತಾರದ ಗಾತ್ರಕ್ಕೆ ಹೊಂದುವ ಕಾಲೆಟನ್ನೇ ಬಳಸಬೇಕು. ಸವೆದ ಕಾಲೆಟನ್ನು ಬದಲಿಸಬೇಕು. ಹತಾರವನ್ನು ಅಗತ್ಯವಿರುವಷ್ಟೇ ಹೊರಚಾಚಬೇಕು. ಕೆಲಸ ಆರಂಭಿಸುವ ಮುನ್ನ ಡಯಲ್ ಗೇಜಿನಿಂದ ಓಲಾಟವನ್ನು ಪರೀಕ್ಷಿಸಬೇಕು.

ಬೆಲೆಬಾಳುವ ಹತಾರ ಪದೇ ಪದೇ ಮುರಿದಾಗ ಹತಾರದ ಗುಣಮಟ್ಟವನ್ನೋ ಕಾರ್ಮಿಕನ ಕೈಯನ್ನೋ ದೂರುವುದುಂಟು. ತಪ್ಪು ಹಲವು ವೇಳೆ ಹಿಡಿಕೆಯಲ್ಲಿರುತ್ತದೆ. ಸಾಲ ಮಾಡಿ ಯಂತ್ರ ಕೊಂಡ ಸಣ್ಣ ಕಾರ್ಖಾನೆಗೆ ತಿರಸ್ಕೃತವಾದ ಪ್ರತಿಯೊಂದು ಬಿಡಿಭಾಗವೂ ನಷ್ಟವೇ. ಕೆಲಸಕ್ಕೆ ಮುನ್ನ ಈ ಪರೀಕ್ಷೆಗೆ ವ್ಯಯವಾಗುವ ಕೆಲವು ನಿಮಿಷಗಳು ಆ ನಷ್ಟವನ್ನು ತಪ್ಪಿಸಬಲ್ಲವು.