ತಲೆ ದೊರೆಯದ ದೈತ್ಯಪ್ರಾಣಿ

ಹೈದರಾಬಾದಿನ ಬಿರ್ಲಾ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಡೈನೋಸಾರ್ ಒಂದರ ಅಸ್ಥಿಪಂಜರವನ್ನು ನಿಲ್ಲಿಸಿರುವರು. ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಕಡೆಯಿಂದ ಮಕ್ಕಳನ್ನು ಕರೆದುಕೊಂಡು ಅದನ್ನು ನೋಡಹೋಗುವ ಗೃಹಸ್ಥರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ: “ಅಪ್ಪಾ, ನಮ್ಮ ಗಡಾಯಿಕಲ್ಲಿನ ಬುಡವನ್ನು ಅಗೆದರೆ ಇಂತಹುದು ಸಿಕ್ಕೀತೇ?”

ಸಿಕ್ಕದು. ಎಲುಬು ಕಲ್ಲಾಗಿ ಉಳಿಯಬೇಕಾದರೆ ಸತ್ತ ಪ್ರಾಣಿಯನ್ನು ಹೊಳೆಯ ಕೆಸರೋ ಮರಳೋ ಬೇಗನೆ ಮುಚ್ಚಿ, ಪದರಪದರವಾಗಿ ಗಟ್ಟಿಯಾಗಬೇಕು. ನಮ್ಮ ನೆಲದಡಿಯ ಕಗ್ಗಲ್ಲಾದರೋ ಬಹುಮಟ್ಟಿಗೆ 250 ಕೋಟಿ ವರ್ಷಗಳಿಗಿಂತಲೂ ಹಳೆಯದು. ಡೈನೋಸಾರುಗಳು ಹುಟ್ಟಿದುದು ಸುಮಾರು 23 ಕೋಟಿ ವರ್ಷಗಳ ಕೆಳಗೆ. ಆ ಕಲ್ಲು ಮಳೆಬಿಸಿಲಿಗೆ ಮಾರ್ಪಟ್ಟು ಆದ ಮುರಕಲ್ಲು (ನಮ್ಮ ಮನೆಗಳ ಗೋಡೆಯ ಕಲ್ಲೇ ಅದು) ಎಲುಬನ್ನು ಕಾಪಾಡತಕ್ಕುದಲ್ಲ. ನೇತ್ರಾವತಿಯ ದಡದ ಮೆಕ್ಕಲು ಮಣ್ಣಂತೂ ಆ ಪ್ರಾಣಿಗಳು ಅಳಿದು ಎಷ್ಟೋ ಕಾಲವಾದ ಮೇಲೆ ಬಂದುದು.

ಗೋದಾವರಿಯ ಕಣಿವೆಯ ಸಂಗತಿ ಬೇರೆ. ಅಲ್ಲಿ ಯಾಮನಪಲ್ಲಿ ಎಂಬ ಹಳ್ಳಿಯ ಬಳಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯವರು ಕಡಿಮೆಯೆಂದರೂ 12 ಪ್ರಾಣಿಗಳ ಎಲುಬುಗಳನ್ನು ಅಗೆದು ತೆಗೆದರು. 1988ರಲ್ಲಿ ಪಿ. ಯಾದಗಿರಿಯವರು ಅದಕ್ಕೆ ಕೋಟಾಸಾರಸ್ ಎಂದು ಹೆಸರಿಟ್ಟರು. ಸೊಪ್ಪು ಮೇಯುವ ಪ್ರಾಣಿ. ಉದ್ದ ಸುಮಾರು 30 ಅಡಿ. ಹೈದರಾಬಾದಿನಲ್ಲಿ ನಿಂತಿರುವುದು ಇದೇ. ಇಷ್ಟು ಎಲುಬುಗಳು ದೊರೆತರೂ ತಲೆ ಮಾತ್ರ ದೊರೆಯಲಿಲ್ಲ; ಎರಡು ಹಲ್ಲುಗಳು ಸಿಕ್ಕಿದುವು, ಅಷ್ಟೆ. ಆದುದರಿಂದ ಇದರ ಮುಖವನ್ನು ಇದರ ಬಳಗದ ಇತರ ಪ್ರಾಣಿಗಳನ್ನು ನೋಡಿ ಊಹಿಸಿಯೇ ರೂಪಿಸಬೇಕು.

ಇದನ್ನು ಮೋಸವೆನ್ನಬಹುದೇ? ನಮಗೆ ಹಾಗೆ ತೋರುವುದಿಲ್ಲ. ಮೂಡಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಗೆ ಹೋದವರು ಭೈರಾದೇವಿ ಮಂಟಪದ ಕಲ್ಲಿನಲ್ಲಿ ಜಿರಾಫೆಯ ಕೆತ್ತನೆಯನ್ನು ನೋಡಿರಬಹುದು. ಆಫ್ರಿಕದ ಆ ಪ್ರಾಣಿ ನಮ್ಮ ಕಾಡುಗಳಲ್ಲಿಲ್ಲ; ಕಡಲಾಚೆಯ ವರ್ತಕರಿಂದ ಕೇಳಿ ತಿಳಿದು ಕಡೆದಿರಬೇಕು. ಇಷ್ಟು ಕಂಡುದು, ಇಷ್ಟು ಕೇಳಿದುದು ಎಂದು ಬೇರ್ಪಡಿಸಿ ತಿಳಿಸಲು ಶಿಲ್ಪಿಗೆ ಮಾರ್ಗವಿರಲಿಲ್ಲ. ವಸ್ತುಸಂಗ್ರಹಾಲಯದವರಿಗೆ ಒಂದು ಸಣ್ಣ ಫಲಕ ಸಾಕು. ಯಾವುದು ನಿಜವಾದ ಎಲುಬು, ಯಾವುದು ಅಚ್ಚಿನಲ್ಲಿ ಎರಕಹೊಯ್ದುದು ಎಂದು ಮಕ್ಕಳಿಂದ ಕೇಳಿಸುವುದು ತಂದೆತಾಯಿಗಳ ಕೆಲಸ.

ಹೈದರಾಬಾದು ದೂರವಾಯಿತೆನ್ನುವವರಿಗೆ ಮೈಸೂರು ಇದೆ. ಅಲ್ಲಿ ಕಾರಂಜಿ ಕೆರೆಯ ಬಳಿ 1995ರಲ್ಲಿ ತೆರೆದ ಪ್ರಾದೇಶಿಕ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯದಲ್ಲಿ ಕಾಡಿನ ದೃಶ್ಯಗಳನ್ನು ನಾಟಕದ ರಂಗದಂತೆ, ಹಿಂದೆ ಬಣ್ಣದ ಪರದೆ, ಮುಂದೆ ಗಿಡಮರ, ನಡುವೆ ಪ್ರಾಣಿಗಳು, ಹೀಗೆ ಜೋಡಿಸಿರುವರು. ಈ ಕಾಡು ಸರಿಯಾಗಿ ಬಂದಿದೆಯೋ ಇಲ್ಲವೋ ಎಂಬುದನ್ನು ಚಾರ್ಮಾಡಿ ಘಟ್ಟದ ಬುಡದಲ್ಲಿ ಬೆಳೆದ ಮಕ್ಕಳೇ ಹೇಳಬಲ್ಲರು.