ಥಂಡ್ಯಾಗ ಹುಳಿ ಹೆಂಗ ಬರತೈತಿ?

ಮೂರು ವರ್ಷದ ಹಿಂದೆ, ಡಿಸೆಂಬರಿನ ಒಂದು ರವಿವಾರ. ದುಮ್ಮವಾಡದಿಂದ ಅವ್ವ ವಿಡಿಯೊ ಕಾಲ್ ಮಾಡಿದಾಗ ನಾನು ಇಂಗ್ಲೆಂಡಿನ ಲೀಡ್ಸ್ ಊರಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ಕೂತು ಬಿಳಿ ಬಕೆಟ್ಟಿನ ಮುಚ್ಚಳ ಒತ್ತುತ್ತಿದ್ದೆ. ಬಕೆಟ್ಟಿಗೆ ಸುತ್ತಿದ್ದು ಅವ್ವ ಹೊಲಿದು ಕೊಟ್ಟ ಕೌದಿ. ಅದನ್ನು ನೋಡಿಯೇ ಅವಳಿಗೆ ಅನುಮಾನ ಬಂತು.

"ಏನವ್ವಾ ಅದು? ಏನ್ ತುಂಬೀದಿ ಅದರಾಗ?"

"ಬಾರ್ಲಿ ರಸ ಬೇ. ಹುಳಿ ಬಿಟ್ಟೀನಿ. ಬಿಯರ್ ಆಗತೈತಿ."

ಅವ್ವ ಒಂದು ಗಳಿಗೆ ಸುಮ್ಮನಾದಳು. "ಸೆರೆ ಕಾಸಾಕತ್ತೀಯೇನ ಮತ್ತ?"

"ಕಾಸೂದಲ್ಲ ಬೇ, ಬರೇ ಹುಳಿ ಬಿಡೂದು."

"ಅಲ್ಲಿ ಬಾಯಾಗಿಂದ ಹೊಗಿ ಬರಾಕತ್ತೈತಿ ನಿಂದು. ಅಷ್ಟ ಥಂಡ್ಯಾಗ ಹುಳಿ ಹೆಂಗ ಬರತೈತಿ?"

ಎರಡೂ ಪ್ರಶ್ನೆ ಸರಿಯಾದವೇ. ಮೊದಲನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ, ಯಾಕೆಂದರೆ ಅದು ಅವ್ವ ಕಣ್ಣಾರೆ ಕಂಡದ್ದರಿಂದ ಹುಟ್ಟಿದ ಪ್ರಶ್ನೆ. ನಾನು ಶಾಲೆಗೆ ಹೋಗುತ್ತಿದ್ದಾಗ ಪ್ಯಾಕೆಟ್ ಸಾರಾಯಿ ಊರೂರಿಗೂ ಬರುತ್ತಿತ್ತು. ನಮ್ಮ ಓಣಿಯಲ್ಲಿ ಕೂಲಿಯ ದುಡ್ಡು ಮನೆಗೆ ಮುಟ್ಟುವ ಮೊದಲೇ ಅಲ್ಲಿ ಕರಗಿದ ಮನೆಗಳ ಹೆಣ್ಣುಮಕ್ಕಳು ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತದ್ದನ್ನು ನಾನೂ ನೋಡಿದ್ದೇನೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದಾಗ ಅವ್ವ ಮನೆದೇವರಿಗೆ ಕಾಯಿ ಒಡೆಸಿದ್ದಳು. ಅಂಥವಳ ಮಗಳು ಬಿಯರ್ ಮಾಡಲು ಕೂತಿದ್ದಳು. ಆದ್ದರಿಂದ ವ್ಯತ್ಯಾಸ ಸರಿಯಾಗಿ ಹೇಳಬೇಕು. ಹುಳಿ ಬಂದ ರಸವನ್ನು ಒಲೆಯ ಮೇಲೆ ಕಾಸಿ, ಆವಿ ಹಿಡಿದು, ತಣಿಸಿದರೆ ಸಾರಾಯಿ. ಅದರಲ್ಲಿ ಮದ್ಯಸಾರ ಹಲವು ಪಟ್ಟು ಹೆಚ್ಚುತ್ತದೆ. ಬಿಯರಿನಲ್ಲಿ ಕಾಸಿ ಇಳಿಸುವ ಕೆಲಸವಿಲ್ಲ. ಹುದುಗಿದ್ದಷ್ಟೇ, ನಾನು ಮಾಡುವುದರಲ್ಲಿ ನೂರಕ್ಕೆ ನಾಲ್ಕರಷ್ಟು ಮದ್ಯಸಾರ. ಬ್ರಿಟನ್ನಿನಲ್ಲಿ 1880ರ ಕಾನೂನಿನ ಪ್ರಕಾರ ಮನೆಯ ಬಿಯರಿಗೂ ಲೈಸೆನ್ಸ್ ಬೇಕಿತ್ತು. 1963ರ ಬಜೆಟ್ಟಿನಲ್ಲಿ ಹಣಕಾಸು ಸಚಿವ ರೆಜಿನಾಲ್ಡ್ ಮಾಡ್ಲಿಂಗ್ ಅದನ್ನು ತೆಗೆದುಹಾಕಿದರು. ಮನೆಮಂದಿಗೆ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ಕಾಸಿ ಇಳಿಸುವುದು ಇಲ್ಲಿಯೂ ಅಪರಾಧವೇ.

ಇನ್ನು ಎರಡನೆಯ ಪ್ರಶ್ನೆ. ಅವ್ವನಿಗೆ ಗೊತ್ತಿಲ್ಲದೆಯೇ ಅವಳು ಲಾಗರ್ ಎಂಬ ಬಿಯರಿನ ಮರ್ಮಕ್ಕೇ ಕೈ ಹಾಕಿದ್ದಳು.

ಇಲ್ಲಿಯ ಅಂಗಡಿಗಳಲ್ಲಿ ಸಿಗುವ ಅಗ್ಗದ ಕಿಟ್ ಎಂದರೆ ಒಂದೂವರೆ ಕೆಜಿಯ ತಗಡಿನ ಡಬ್ಬಿ. ಒಳಗೆ ಕಾಕಂಬಿಯಂಥ ಕಂದು ಪಾಕ. ಬಾರ್ಲಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಬಿಸಿನೀರಿನಲ್ಲಿ ನೆನೆಸಿ ತೆಗೆದ ಸಿಹಿ ರಸಕ್ಕೆ ಹಾಪ್ಸ್ ಎಂಬ ಬಳ್ಳಿಯ ಹೂವಿನ ಕಹಿ ಸೇರಿಸಿ ಬತ್ತಿಸಿದ್ದು ಅದು. ಮೊಳಕೆ ಬಂದ ರಾಗಿಯನ್ನು ಬಾಯಲ್ಲಿ ಅಗಿದವರಿಗೆ ಆ ಸಿಹಿ ಗೊತ್ತು. ಕಾಳು ತನ್ನ ಹಿಟ್ಟನ್ನು ತಾನೇ ಸಕ್ಕರೆ ಮಾಡಿಕೊಂಡಿರುತ್ತದೆ. ಡಬ್ಬಿಯ ಮುಚ್ಚಳದ ಕೆಳಗೆ ಯೀಸ್ಟಿನ ಒಂದು ಸಣ್ಣ ಪುಡಿಕೆ. ಪಾಕಕ್ಕೆ ಒಂದು ಕೆಜಿ ಸಕ್ಕರೆ ಕೂಡಿಸಿ, 23 ಲೀಟರಿನವರೆಗೆ ನೀರು ಹಾಕಿ, ಯೀಸ್ಟ್ ಉದುರಿಸಿ, 20ರಿಂದ 25 ಡಿಗ್ರಿ ಬೆಚ್ಚಗಿನ ಜಾಗದಲ್ಲಿಡಿ ಎಂದು ಚೀಟಿ ಹೇಳುತ್ತದೆ. ಮೊದಲ ಸಲ ನಾನು ಹಾಗೆಯೇ ಮಾಡಿದೆ. ಬಿಯರೇನೋ ಆಯಿತು. ಆದರೆ ಮೈಯಿಲ್ಲದ ತೆಳು ನೀರು, ಹಳಸಿದ ಸೇಬಿನ ವಾಸನೆ. ನಮ್ಮ ಮನೆಯವರು ಅರ್ಧ ಗ್ಲಾಸ್ ಕುಡಿದು ಕೆಳಗಿಟ್ಟರು. ಇಪ್ಪತ್ತು ಲೀಟರನ್ನು ಮೋರಿಗೆ ಸುರಿಯುವಾಗ ನನಗೆ ಬಹಳ ಸಂಕಟವಾಯಿತು. ಬೆಳೆದ ಕಾಳನ್ನು ಚೆಲ್ಲಬಾರದು ಎಂದು ಕಲಿತ ಮನೆ ನಮ್ಮದು.

ನಾನು ಕೆಲಸ ಮಾಡುವುದು ಆಸ್ಪತ್ರೆಯ ಲ್ಯಾಬಿನಲ್ಲಿ. ಸೂಕ್ಷ್ಮಜೀವಿ ಬೆಳೆಸುವುದೇ ದಿನದ ಕೆಲಸ. ಆದರೂ ಯಾವ ಜೀವಿಗೆ ಯಾವ ಹವೆ ಬೇಕು ಎಂದು ಬಕೆಟ್ಟಿನ ಮುಂದೆ ನಿಂತಾಗ ಯೋಚಿಸಿರಲಿಲ್ಲ. ಲಾಗರ್ ಎಂಬುದು ಜರ್ಮನ್ ಮೂಲದ ಶಬ್ದ. ಅರ್ಥ ಕೂಡಿಡುವುದು, ದಾಸ್ತಾನು. ಬವೇರಿಯಾದಲ್ಲಿ ಬೇಸಿಗೆಯಲ್ಲಿ ಮಾಡಿದ ಬಿಯರ್ ಕೆಡುತ್ತಿತ್ತು. ಅದಕ್ಕೆ 1553ರಲ್ಲಿ ಅಲ್ಲಿಯ ದೊರೆ ಐದನೆಯ ಆಲ್ಬ್ರೆಕ್ಟ್, ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಯಾರೂ ಬಿಯರ್ ಕುದಿಸಬಾರದು ಎಂದು ಕಟ್ಟಪ್ಪಣೆ ಮಾಡಿದ. ಚಳಿಗಾಲದಲ್ಲಿ ಮಾಡಿ, ತಂಪು ನೆಲಮಾಳಿಗೆಯಲ್ಲಿ ಕೂಡಿಟ್ಟು ಕುಡಿಯುವ ರೂಢಿ ಗಟ್ಟಿಯಾಯಿತು. ಆ ಚಳಿಯಲ್ಲಿ ಉಳಿದು ಬೆಳೆದದ್ದು ಬೇರೆಯೇ ಒಂದು ಯೀಸ್ಟ್. ನಮ್ಮ ಬ್ರೆಡ್ಡಿನ ಯೀಸ್ಟಿಗೂ ಚಳಿ ತಡೆಯುವ ಒಂದು ಕಾಡು ಯೀಸ್ಟಿಗೂ ಹುಟ್ಟಿದ ಮಿಶ್ರತಳಿ ಅದು. ಆ ಕಾಡು ಯೀಸ್ಟನ್ನು ಗುರುತಿಸಿ ಜಗತ್ತಿಗೆ ತಿಳಿಸಿದ್ದು 2011ರಲ್ಲಿ, ದಕ್ಷಿಣ ಅಮೆರಿಕದ ಪ್ಯಾಟಗೋನಿಯಾದ ಬೀಚ್ ಮರಗಳ ಗಂಟುಗಳಲ್ಲಿ. ಮುಂದೆ ಟಿಬೆಟ್ಟಿನಲ್ಲಿಯೂ ಸಿಕ್ಕಿತು. ಅವ್ವನಿಗೆ ಇಷ್ಟೇ ಹೇಳಿದೆ: "ಥಂಡ್ಯಾಗ ದುಡಿಯೂ ಹುಳಿ ಬ್ಯಾರೆ ಐತಿ ಬೇ."

ಅವಳಿಗೆ ಅದು ಕೂಡಲೇ ತಿಳಿಯಿತು. ಅವ್ವನ ಕೈಯ ಮೊಸರು ಒಮ್ಮೆ ಲೋಳೆಯಾದರೆ ಗಡಿಗೆಯನ್ನು ಬಿಸಿಲಿಗೆ ಬೋರಲು ಹಾಕಿ, ಮಗ್ಗುಲ ಮನೆಯಿಂದ ಹೊಸ ಹೆಪ್ಪು ತರುತ್ತಾಳೆ. 1845ರಲ್ಲಿ ಜೇಕಬ್‌ಸೆನ್ ಎಂಬ ಡೆನ್ಮಾರ್ಕಿನ ಬಿಯರ್ ತಯಾರಕ ಮಾಡಿದ್ದೂ ಅದನ್ನೇ. ಮ್ಯೂನಿಕ್ಕಿನ ಶ್ಪಾಟನ್ ಭಟ್ಟಿಯಿಂದ ಯೀಸ್ಟ್ ಪಡೆದು, ದಾರಿಯುದ್ದಕ್ಕೂ ತಣ್ಣೀರಿನಿಂದ ತಂಪು ಮಾಡುತ್ತ ಕೋಪನ್‌ಹೇಗನ್ನಿಗೆ ತಂದ ಎನ್ನುತ್ತಾರೆ. ಅವನು ಕಟ್ಟಿದ ಕಾರ್ಲ್ಸ್‌ಬರ್ಗ್ ಕಂಪನಿಯ ಪ್ರಯೋಗಾಲಯದಲ್ಲಿ 1883ರಲ್ಲಿ ಎಮಿಲ್ ಕ್ರಿಸ್ಟಿಯನ್ ಹಾನ್ಸೆನ್ ಒಂದೇ ಒಂದು ಯೀಸ್ಟ್ ಕೋಶವನ್ನು ಬೇರ್ಪಡಿಸಿ, ಅದರಿಂದಲೇ ಶುದ್ಧ ತಳಿ ಬೆಳೆಸಿದ. ಕಂಪನಿ ಆ ತಳಿಯನ್ನು ಗುಟ್ಟಾಗಿಡದೆ ಬೇರೆ ಭಟ್ಟಿಗಳಿಗೂ ಹಂಚಿತು. ಹೆಪ್ಪು ಕೇಳಿದವರಿಗೆ ಇಲ್ಲ ಎನ್ನಬಾರದೆಂಬುದು ನಮ್ಮೂರಿನ ಮಾತು. ಹಾನ್ಸೆನ್ನನ ಹೆಸರು ಲ್ಯಾಬಿನಲ್ಲಿ ಯಾರಾದರೂ ಎತ್ತಿದರೆ ನನಗೆ ನೆನಪಾಗುವುದು ಅದೇ.

ಅಗ್ಗದ ಕಿಟ್ಟಿನ ಡಬ್ಬಿಯ ಮೇಲೆ ಲಾಗರ್ ಎಂದು ಬರೆದಿದ್ದರೂ ಒಳಗಿನ ಪುಡಿಕೆಯಲ್ಲಿ ಸಾಮಾನ್ಯವಾಗಿ ಇರುವುದು ಬೆಚ್ಚಗೆ ದುಡಿಯುವ ಏಲ್ ಯೀಸ್ಟ್. ಎಲ್ಲರ ಮನೆಯಲ್ಲಿ ತಂಪು ಜಾಗ ಇರುವುದಿಲ್ಲವಲ್ಲ, ಅದಕ್ಕೆ. ಆದ್ದರಿಂದ ಸುಧಾರಣೆ ಮಾಡಬೇಕೆನ್ನುವವರು ಮೊದಲ ದುಡ್ಡನ್ನು ಯೀಸ್ಟಿಗೆ ಹಾಕಬೇಕು. ನಾನು ಬಳಸುವುದು ಡಬ್ಲ್ಯೂ-34/70 ಎಂಬ ಒಣ ಲಾಗರ್ ಯೀಸ್ಟ್, 11.5 ಗ್ರಾಮಿನ ಎರಡು ಪುಡಿಕೆ. ಚಳಿಯಲ್ಲಿ ಯೀಸ್ಟಿನ ಕೆಲಸ ನಿಧಾನ, ಹಾಗಾಗಿ ಆಳು ಹೆಚ್ಚು ಬೇಕು. ಡಿಸೆಂಬರಿನಲ್ಲಿ ನಮ್ಮ ಗ್ಯಾರೇಜ್ ಎಂಟು ಡಿಗ್ರಿಗೆ ಇಳಿದಿರುತ್ತದೆ. ಹುದುಗುವಾಗ ರಸ ತಾನೇ ಕಾವು ಬಿಡುತ್ತದೆ, ಕೌದಿ ಆ ಕಾವನ್ನು ಹಿಡಿದು 12 ಡಿಗ್ರಿಯ ಆಚೀಚೆ ನಿಲ್ಲಿಸುತ್ತದೆ. ಊರಲ್ಲಿ ಚಳಿಗಾಲದಲ್ಲಿ ದೋಸೆ ಹಿಟ್ಟಿನ ಪಾತ್ರೆಗೆ ಅವ್ವ ಗೋಣಿತಾಟು ಸುತ್ತುತ್ತಿದ್ದಳು. ಉಪಾಯ ಅಲ್ಲಿಂದಲೇ ಬಂದದ್ದು.

ಎರಡನೆಯ ಸುಧಾರಣೆ ಸಕ್ಕರೆಯದು. ಬಿಳಿ ಸಕ್ಕರೆಯನ್ನು ಯೀಸ್ಟ್ ಒಂದು ಹರಳೂ ಉಳಿಸದೆ ತಿನ್ನುತ್ತದೆ. ಮದ್ಯಸಾರ ಉಳಿಯುತ್ತದೆ, ರುಚಿ ಉಳಿಯುವುದಿಲ್ಲ. ಅದರ ಬದಲು ಒಂದು ಕೆಜಿ ಒಣ ಮಾಲ್ಟ್ ಪುಡಿ ಹಾಕಿ, ನೀರನ್ನು 23ರ ಬದಲು 20 ಲೀಟರಿಗೆ ನಿಲ್ಲಿಸಿದೆ. ಬಿಯರಿಗೆ ಮೈ ಬಂತು, ನೊರೆ ನಿಂತಿತು. ಅರ್ಧ ಲೀಟರ್ ಬಿಸಿನೀರಿನಲ್ಲಿ 20 ಗ್ರಾಂ ಸಾಜ್ ಹಾಪ್ಸ್ ನೆನೆಹಾಕಿ, ಹದಿನೈದು ನಿಮಿಷಕ್ಕೆ ಸೋಸಿ, ಚಹಾದಂಥ ಆ ರಸವನ್ನೂ ಸುರಿದೆ. ಡಬ್ಬಿಯಲ್ಲಿ ಕಳೆದುಹೋದ ಹೂವಿನ ಘಮ ಅಷ್ಟರಿಂದ ಮರಳುತ್ತದೆ.

ನೀರಿನ ಮಾತು ಬಂದರೆ ನನಗೆ ಊರು ನೆನಪಾಗುತ್ತದೆ. ನಮ್ಮೂರ ಹತ್ತಿರದ ನೀರಸಾಗರ ಬೇಡ್ತಿ ಹಳ್ಳಕ್ಕೆ ಅಡ್ಡ ಕಟ್ಟಿದ ಕೆರೆ. ಅದರ ನೀರು ಹುಬ್ಬಳ್ಳಿಗೆ ಹೋಗುತ್ತದೆ. ಲೀಡ್ಸ್ ಕೂಡ ವಾಶ್‌ಬರ್ನ್ ಕಣಿವೆಯ ಕಟ್ಟೆಗಳಿಂದ ನೀರು ಕುಡಿದು ಬೆಳೆದ ಊರು. ನಮ್ಮ ನಲ್ಲಿಗೆ ಬರುವುದು ಮೆದು ನೀರು, ಬೇಳೆ ಬೇಗ ಬೇಯುತ್ತದೆ. ಬಂಗಾರದ ಬಣ್ಣದ ಲಾಗರಿಗೆ ಅಂಥ ನೀರೇ ಬೇಕು. 1842ರಲ್ಲಿ ಯೋಸೆಫ್ ಗ್ರೋಲ್ ಎಂಬ ಬವೇರಿಯಾದವನು ಪಿಲ್ಸನ್ ಪಟ್ಟಣದಲ್ಲಿ ಮೊದಲ ಪಿಲ್ಸ್‌ನರ್ ತೆಗೆದಾಗ ಅಲ್ಲಿಯ ಮೆದು ನೀರಿನ ಪಾಲು ದೊಡ್ಡದಿತ್ತು. ಇಂದು ನಮ್ಮ ಕರ್ನಾಟಕದಲ್ಲಿ ಹೆಚ್ಚಾಗಿ ಮಾರಾಟವಾಗುವ ಬಾಟಲಿ ಬಿಯರುಗಳು ಆ ಪಿಲ್ಸ್‌ನರಿನ ಬಳಗವೇ. ನಲ್ಲಿ ನೀರಿನ ಕ್ಲೋರಿನ್ ಮಾತ್ರ ತೆಗೆಯಲೇಬೇಕು, ಇಲ್ಲದಿದ್ದರೆ ಔಷಧದ ವಾಸನೆ ಬರುತ್ತದೆ. ಕ್ಯಾಂಪ್ಡನ್ ಗುಳಿಗೆ ಅರ್ಧ ಹಾಕಿದರೆ ಬಕೆಟ್ಟಿನಷ್ಟು ನೀರಿಗೆ ಸಾಕು.

ಹುಳಿ ಮುಗಿಯಿತೋ ಇಲ್ಲವೋ ಎಂಬುದನ್ನು ಗುಳ್ಳೆ ನೋಡಿ ತೀರ್ಮಾನಿಸಬೇಡಿ. ಎರಡನೆಯ ಸಲ ನಾನು ಗುಳ್ಳೆ ನಿಂತವು ಎಂದು ಅವಸರದಲ್ಲಿ ಬಾಟಲಿ ತುಂಬಿದೆ. ಹತ್ತನೆಯ ರಾತ್ರಿ ಗ್ಯಾರೇಜಿನಲ್ಲಿ ಒಂದು ಬಾಟಲಿ ಪಟಾಕಿಯಂತೆ ಸಿಡಿಯಿತು. ಗಾಜು ಬಾಗಿಲಿಗೆ ನಟ್ಟಿತ್ತು. ಹಗಲು ಅಲ್ಲಿ ಮಕ್ಕಳು ಸೈಕಲ್ ತೆಗೆಯಲು ಹೋಗುತ್ತಾರೆ. ಅಂದಿನಿಂದ ಹೈಡ್ರೋಮೀಟರ್ ಇಲ್ಲದೆ ನಾನು ಬಾಟಲಿ ಮುಟ್ಟಿಲ್ಲ. ಡೇರಿಯಲ್ಲಿ ಹಾಲಿಗೆ ಇಳಿಬಿಡುವ ಲ್ಯಾಕ್ಟೋಮೀಟರಿನಂಥದ್ದೇ ಗಾಜಿನ ಕಡ್ಡಿ. ಮೊದಲ ದಿನ ನನ್ನ ರಸ 1.041 ತೋರಿಸುತ್ತದೆ, ಯೀಸ್ಟ್ ಸಕ್ಕರೆ ತಿಂದಂತೆ ಇಳಿದು 1.010ರ ಸುತ್ತ ನಿಲ್ಲುತ್ತದೆ. ಎರಡರ ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಮದ್ಯಸಾರದ ಪ್ರಮಾಣ, ನೂರಕ್ಕೆ ನಾಲ್ಕು. ಮೂರು ದಿನ ಬಿಟ್ಟು ಬಿಟ್ಟು ಎರಡು ಸಲ ನೋಡಿದಾಗ ಅಂಕಿ ಕದಲಿರದಿದ್ದರೆ ಮಾತ್ರ ಹುಳಿ ಮುಗಿದಿದೆ.

ಅದಕ್ಕೂ ಮುಂಚೆ ಒಂದು ಕೆಲಸ. ಎರಡು ವಾರ ಕಳೆದು ಹುಳಿ ಮುಗಿಯುವ ಹಂತಕ್ಕೆ ಬಂದಾಗ ಬಕೆಟ್ಟನ್ನು ಮೂರು ದಿನ ಅಡುಗೆಮನೆಗೆ, 17-18 ಡಿಗ್ರಿಗೆ ತರುತ್ತೇನೆ. ಹುದುಗುವಾಗ ಡೈಅಸಿಟೈಲ್ ಎಂಬ ವಸ್ತು ಹುಟ್ಟುತ್ತದೆ, ಅದರದು ಬೆಣ್ಣೆಯ ವಾಸನೆ. ಅವ್ವನ ಅಡುಗೆಮನೆಯಲ್ಲಿ ಅದು ಹಬ್ಬದ ವಾಸನೆ, ಲಾಗರಿನಲ್ಲಿ ದೋಷ. ತುಸು ಬೆಚ್ಚಗಾದರೆ ಯೀಸ್ಟೇ ಅದನ್ನು ತಿಂದು ತೀರಿಸುತ್ತದೆ. ಆಮೇಲೆ ಮತ್ತೆ ಗ್ಯಾರೇಜಿಗೆ, ಗಸಿ ತಳ ಹಿಡಿಯುವವರೆಗೆ. ಬಾಟಲಿ ತುಂಬುವಾಗ ಗ್ಯಾಸಿಗಾಗಿ ಲೀಟರಿಗೆ ಆರು ಗ್ರಾಂ ಸಕ್ಕರೆ, ತೂಕ ಮಾಡಿಯೇ. ಬಾಟಲಿ ಕಂದು ಬಣ್ಣದ್ದಿರಲಿ. ಹಾಪ್ಸಿಗೆ ಬಿಸಿಲು ತಾಗಿದರೆ ಕೆಟ್ಟ ನಾತ ಹೊಡೆಯುತ್ತದೆ. ಎರಡು ವಾರ ಮನೆಯೊಳಗೆ, ಮುಂದೆ ಆರು ವಾರ ಮೂರು-ನಾಲ್ಕು ಡಿಗ್ರಿಯ ಗ್ಯಾರೇಜಿನ ಮೂಲೆಯಲ್ಲಿ. ಈ ಕೊನೆಯ ಆರು ವಾರವೇ ಲಾಗರ್. ಎಷ್ಟೋ ಜನ ಯೀಸ್ಟಿಗೆ, ಹಾಪ್ಸಿಗೆ ಖರ್ಚು ಮಾಡಿ ಇಲ್ಲಿ ತಾಳ್ಮೆ ಕಳೆದುಕೊಳ್ಳುತ್ತಾರೆ. ಒರಟು ರುಚಿ ಕಳೆದು ಬಿಯರ್ ತಿಳಿಯಾಗುವುದು ಈ ದಿನಗಳಲ್ಲೇ, ಅದಕ್ಕೆ ಕಾಸು ಬೇಕಿಲ್ಲ.

ಅವ್ವ ಆ ಚಳಿಗಾಲವೆಲ್ಲ ಪ್ರತಿ ರವಿವಾರ ಬಕೆಟ್ಟಿನ ಸುದ್ದಿ ಕೇಳಿದಳು. ಕುಡಿಯುವುದು ಅವಳಿಗೆ ಇಂದಿಗೂ ಒಪ್ಪಿಗೆಯಿಲ್ಲ, ನಾನೂ ವಾದ ಮಾಡುವುದಿಲ್ಲ. ಯುಗಾದಿ ದಾಟಿದ ಮೇಲೆ ಒಂದು ಶನಿವಾರ ಮೊದಲ ಬಾಟಲಿ ತೆರೆದು ಗ್ಲಾಸನ್ನು ಕ್ಯಾಮೆರಾ ಮುಂದೆ ಹಿಡಿದೆ. ತಿಳಿ ಬಂಗಾರ, ಮೇಲೆ ಬೆರಳು ದಪ್ಪ ನೊರೆ. "ಹುಳಿ ಚಲೋ ಬಂದೈತಿ ಬಿಡು," ಎಂದಳು. ಆಮೇಲೆ, "ಕೌದಿ ತೊಳದಿಟ್ಟೀಯಿಲ್ಲ?" ಎಂದು ಕೇಳಿದಳು.

ಇದನ್ನು ಓದುವ ಊರಿನ ಮಂದಿಗೆ ಒಂದು ವಿನಂತಿ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವುದೂ ಅಪರಾಧ, ದಯವಿಟ್ಟು ಪ್ರಯತ್ನಿಸಬೇಡಿ. ಅನುಮತಿ ಇರುವ ದೇಶದಲ್ಲಿದ್ದು, ಮನೆಯಲ್ಲಿ ತಂಪು ಮೂಲೆಯಿದ್ದರೆ, ಅಗ್ಗದ ಡಬ್ಬಿಯನ್ನೇ ತನ್ನಿ. ಚಳಿಗಾಲದ ಮೊದಲ ವಾರದಲ್ಲಿ ಹುಳಿ ಬಿಟ್ಟು, ತುಂಬಿದ ಬಾಟಲಿಗಳ ಮೇಲೆ ತಾರೀಖು ಬರೆದು, ಎಂಟು ವಾರ ಮುಟ್ಟದೆ ಇಡಿ.