ಕಾಡಿನ ನೆತ್ತಿಯ ಮೇಲೊಂದು ದಾರಿ, ಬೆಟ್ಟದ ಹೊಟ್ಟೆಯಲ್ಲೊಂದು ದಾರಿ

ಮಳೆಕಾಡನ್ನು ನಾವೆಲ್ಲ ನೋಡಿರುವುದು ಬುಡದಿಂದ. ಕತ್ತು ನೋಯುವಷ್ಟು ಮೇಲೆ ನೋಡಿದರೂ ಕಾಣುವುದು ಕಾಂಡ, ಬಳ್ಳಿ, ನೆರಳು, ಎಲ್ಲೋ ಎಲೆಗಳ ಸಂದಿಯಲ್ಲಿ ಚೂರು ಆಕಾಶ. ಸುರಿವ ಬಿಸಿಲಿನಲ್ಲಿ ನೂರಕ್ಕೆ ಒಂದೆರಡು ಪಾಲು ಕೂಡ ಅಲ್ಲಿ ನೆಲ ಮುಟ್ಟುವುದು ಕಷ್ಟ. ಹೂವು, ಹಣ್ಣು, ಹಕ್ಕಿ, ಚಿಟ್ಟೆ ಎಂದು ಕಾಡಿನ ಸಡಗರವೆಲ್ಲ ನಡೆಯುವುದು ನೂರಡಿ ಮೇಲೆ. ನಮಗೆ ಅಲ್ಲಿ ಏನು ಕೆಲಸ? ಕೆಲಸವಿದೆ, ಬನ್ನಿ! ಆಸ್ಟ್ರೇಲಿಯಾದ ಈಶಾನ್ಯ ಮೂಲೆಯಲ್ಲಿ, ಕ್ವೀನ್ಸ್‌ಲ್ಯಾಂಡಿನ ಕೇರ್ನ್ಸ್ ಪಟ್ಟಣದ ಪಕ್ಕದಲ್ಲೇ, ಆ ನೂರಡಿ ಮೇಲಿನ ಲೋಕದ ಮೇಲೆ ತೇಲಿಕೊಂಡು ಹೋಗುವ ಕೇಬಲ್ ಕಾರ್ ಇದೆ. ಹೋದವರು ಬೆಟ್ಟ ಕೊರೆದು ಮಾಡಿದ ದಾರಿಯ ಹಳೇ ರೈಲಿನಲ್ಲಿ ಇಳಿದು ಬರಬಹುದು. ಎಲ್ಲ ಒಂದೇ ದಿನದಲ್ಲಿ!

ಸ್ಮಿತ್‌ಫೀಲ್ಡ್ ನಿಲ್ದಾಣದಲ್ಲಿ ಆರು ಜನ ಕೂರುವ ಕ್ಯಾಬಿನ್ನಿನ ಬಾಗಿಲು ಮುಚ್ಚಿತೋ ಇಲ್ಲವೋ, ಕಾಲ ಕೆಳಗಿನ ನೆಲ ಜಾರಿ ಹೋಗುತ್ತದೆ. ಹಿಂದೆ ಬಯಲು, ಅದರಾಚೆ ನೀಲಿ ಕೋರಲ್ ಸಮುದ್ರ. ಕೆಳಗಿನ ಇಳಿಜಾರಿನಲ್ಲಿ ಮೊದಲು ಎದುರಾಗುವುದು ಯಾರು ಗೊತ್ತೆ? ನೀಲಗಿರಿ ಬಳಗ! ನಮ್ಮೂರುಗಳಲ್ಲಿ ಅಂತರ್ಜಲ ಹೀರುವ ಪರದೇಶಿ ಎಂದು ಬೈಸಿಕೊಳ್ಳುವ ಮರ ಇಲ್ಲಿ ತವರಿನಲ್ಲಿದೆ. ಆಮೇಲೆ ಒಂದು ಏರು ದಾಟಿದ್ದೇ ತಡ, ನೀಲಗಿರಿ ಹಿಂದೆ ಸರಿದು, ಕಣ್ಣು ಹಾಯುವಷ್ಟು ದೂರ ಮಳೆಕಾಡಿನ ನೆತ್ತಿ ಹಲಸಿನ ಹಣ್ಣಿನ ಮೈಯಂತೆ ಗಂಟುಗಂಟಾಗಿ ಹರಡಿಕೊಳ್ಳುತ್ತದೆ.

ಆ ನೆತ್ತಿಯೊಳಗೆ ಇಣುಕಿ ನೋಡಿ. ಕೊಂಬೆಯ ಕವಲಿನಲ್ಲಿ ಮೊರದಗಲದ ಜರೀಗಿಡ. ಉದುರುವ ಎಲೆಗಳನ್ನು ಮೇಲೇ ಹಿಡಿದು, ಕೊಳೆಸಿ, ಮಣ್ಣು ಮಾಡಿಕೊಂಡು ಅದರಲ್ಲೇ ಬೇರು ಬಿಟ್ಟಿದೆ. ನೆಲದಿಂದ ನೂರಡಿ ಎತ್ತರದಲ್ಲಿ ಮಣ್ಣು! ಆ ಮಣ್ಣಿನಲ್ಲಿ ಹುಳು, ಹುಳುವಿಗೆ ಕಪ್ಪೆ, ಪಕ್ಕದ ಕೊಂಬೆಗೆ ಸೀತಾಳೆಯ ಗೊಂಚಲು. ಅಷ್ಟರಲ್ಲಿ ಹಸಿರಿನ ಮೇಲೆ ಫಳಕ್ಕನೆ ಒಂದು ನೀಲಿ ಮಿಂಚು. ಯೂಲಿಸಿಸ್ ಚಿಟ್ಟೆ! ಅದರ ರೆಕ್ಕೆಯಲ್ಲಿ ನೀಲಿ ಬಣ್ಣವೇ ಇಲ್ಲವೆಂದರೆ ನಂಬುತ್ತೀರಾ? ರೆಕ್ಕೆಯ ಹುರುಪೆಗಳ ಅತಿಸೂಕ್ಷ್ಮ ರಚನೆ ಬೆಳಕಿನಲ್ಲಿ ನೀಲಿಯನ್ನಷ್ಟೇ ಆರಿಸಿ ಹಿಂದಕ್ಕೆ ಎಸೆಯುತ್ತದೆ, ಅಷ್ಟೆ.

ಈ ಕಾಡಿನ ಕಥೆ ಬಲು ಹಳೆಯದು. ಒಂದು ಕಾಲದಲ್ಲಿ ಭಾರತ, ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾ ಎಲ್ಲ ಗೊಂಡ್ವಾನ ಎಂಬ ಒಂದೇ ಭೂಖಂಡವಾಗಿದ್ದವು. ಸುಮಾರು 13 ಕೋಟಿ ವರ್ಷಗಳ ಹಿಂದೆ ನಮ್ಮ ನೆಲ ಕಳಚಿಕೊಂಡು ಹೊರಟಿತು. ಆಸ್ಟ್ರೇಲಿಯಾ ತಾನೂ ಬೇರೆಯಾಗಿ ಉತ್ತರಕ್ಕೆ ತೇಲುತ್ತ ಒಣಗುತ್ತ ಬಂದಂತೆ, ಅಲ್ಲಿನ ಮಳೆಕಾಡು ಹಿಂದೆ ಸರಿದು ಸರಿದು ಮಳೆ ಬೀಳುವ ಈ ಕರಾವಳಿಯ ಬೆಟ್ಟಸಾಲಿಗೆ ಬಂದು ಅಂಟಿಕೊಂಡಿತು. ಉಳಿದಿರುವುದು ದೇಶದ ನೆಲದಲ್ಲಿ ಸಾವಿರಕ್ಕೆ ಒಂದು ಪಾಲು ಮಾತ್ರ. ಆದರೂ ದೇಶದ ಹಕ್ಕಿ ಜಾತಿಗಳಲ್ಲಿ ನೂರಕ್ಕೆ ಸುಮಾರು 40, ಚಿಟ್ಟೆಗಳಲ್ಲಿ ಸುಮಾರು 60 ಇಲ್ಲೇ ಸಿಗುತ್ತವೆ! ಯುನೆಸ್ಕೊ 1988ರಲ್ಲಿ ಈ ಕಾಡನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಪಶ್ಚಿಮ ಘಟ್ಟ ಅದೇ ಪಟ್ಟಿಗೆ ಸೇರಿದ್ದು 2012ರಲ್ಲಿ.

ಇಂಥ ಕಾಡಿನ ನಡುವೆ ಕಂಬ ನೆಡುವುದೆಂದರೆ ಆಟವೇ? ಬೇಡವೇ ಬೇಡ ಎಂದು ವಿರೋಧಿಸಿದವರೂ ಇದ್ದರು. ಕೊನೆಗೆ ಕಟ್ಟಿದ್ದು ಹೇಗೆ ಗೊತ್ತೆ? ಒಂದು ರಸ್ತೆಯನ್ನೂ ಕಡಿಯದೆ! ರಷ್ಯಾದ ಕಮೋವ್ ಹೆಲಿಕಾಪ್ಟರ್ ಕಬ್ಬಿಣದ ತುಂಡುಗಳನ್ನು ಹೊತ್ತು ತಂದು ಕಾಡಿನ ತೂತಿನೊಳಗೆ ಇಳಿಬಿಡುತ್ತಿತ್ತು, ಕೆಲಸಗಾರರು ನಡೆದೇ ಹೋಗಿ ಬರುತ್ತಿದ್ದರು. ಕಂಬದ ಜಾಗದ ಗಿಡಗಳನ್ನು ಮೊದಲೇ ಕಿತ್ತು ಜೋಪಾನ ಮಾಡಿ, ಮೇಲ್ಮಣ್ಣನ್ನೂ ಎತ್ತಿಟ್ಟು, ಕೆಲಸ ಮುಗಿದ ಮೇಲೆ ಅಲ್ಲೇ ಮರಳಿ ನೆಟ್ಟರು. 7.5 ಕಿಲೊಮೀಟರಿನ ಈ ದಾರಿ 1995ರ ಆಗಸ್ಟ್ 31ರಂದು ತೆರೆಯಿತು.

ಅತಿ ಎತ್ತರದ ರೆಡ್ ಪೀಕ್ ನಿಲ್ದಾಣ 545 ಮೀಟರಿನಲ್ಲಿದೆ. ಇಲ್ಲಿ ಇಳಿಯಲೇಬೇಕು! ಇಷ್ಟು ಹೊತ್ತು ನೆತ್ತಿ ನೋಡಿದ ಕಾಡಿನ ಪಾದದಲ್ಲಿ ಈಗ ಹಲಗೆಯ ಕಾಲುದಾರಿ ಸುತ್ತುತ್ತದೆ. ಬಿಸಿಲು ಆರಿಹೋಗಿ ತೇವದ ತಣ್ಣನೆ ಗಾಳಿ. ಮಲೆನಾಡಿನವರಿಗೆ ಈ ಕಾಡಿನಲ್ಲಿ ನಂಟರು ಬೇಕಾದಷ್ಟು. ಮುಳ್ಳಿನ ಕೊಕ್ಕೆ ಚಾಚಿ ಬಟ್ಟೆ ಹಿಡಿದೆಳೆಯುವ ಬೆತ್ತ ನಮ್ಮ ಬೆತ್ತದ್ದೇ ಕುಲ. ನಮ್ಮ ರಾಮಪತ್ರೆ, ಜಾಯಿಕಾಯಿಗಳ ಕುಲದ ಮರ ಇಲ್ಲೂ ಇದೆ. ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ರುದ್ರಾಕ್ಷಿಯ ಬಳಗದ ಬ್ಲೂ ಕ್ವಾಂಡಾಂಗ್ ಮರ. ಕಾಡಿನ ನೆಲದ ಮೇಲೆ ಗೋಲಿಯಂಥ ಹಣ್ಣು, ಕಣ್ಣು ಕುಕ್ಕುವ ನೀಲಿ. ಹಿಂಡಿದರೆ ನೀಲಿ ರಸ ಬರುವುದಿಲ್ಲ, ಏಕೆಂದರೆ ಇಲ್ಲಿಯೂ ಬಣ್ಣವಿಲ್ಲ! ಸಿಪ್ಪೆಯ ಸೂಕ್ಷ್ಮ ಪದರಗಳು ಬೆಳಕಿನೊಂದಿಗೆ ಆಡುವ ಅದೇ ಆಟ. ಒಂದೇ ಕಾಡಿನಲ್ಲಿ ಒಂದು ಚಿಟ್ಟೆ, ಒಂದು ಹಣ್ಣು, ಎರಡೂ ಬಣ್ಣವಿಲ್ಲದೆ ನೀಲಿಯಾಗುವುದನ್ನು ತಮ್ಮ ಪಾಡಿಗೆ ತಾವು ಕಲಿತಿವೆ.

ಆ ನೀಲಿ ಹಣ್ಣನ್ನು ಇಡಿಯಾಗಿ ನುಂಗುವವರು ಬೇರೆ ಇದ್ದಾರೆ. ಕ್ಯಾಸೊವರಿ! ಆಳೆತ್ತರದ ಹಾರಲಾರದ ಹಕ್ಕಿ, ನೀಲಿ ಕತ್ತು, ತಲೆಯ ಮೇಲೆ ಶಿರಸ್ತ್ರಾಣ, ಕಾಲಲ್ಲಿ ಕಠಾರಿಯಂಥ ಉಗುರು. ಮೊಟ್ಟೆಗೆ ಕಾವು ಕೊಟ್ಟು ಮರಿ ಸಾಕುವುದು ಇಲ್ಲಿ ಅಪ್ಪನ ಕೆಲಸ. 200ಕ್ಕೂ ಹೆಚ್ಚು ಜಾತಿಯ ಗಿಡಮರಗಳ ಬೀಜವನ್ನು ಅದು ಹಿಕ್ಕೆಯಲ್ಲಿ ಕಾಡಿನ ತುಂಬ ಬಿತ್ತುತ್ತದೆ. ಇದೇ ಕಾಡುಪಟ್ಟಿಯ ರೈಪರೋಸ ಎಂಬ ಮರದ ಬೀಜ ಸುಮ್ಮನೆ ಬಿದ್ದರೆ ನೂರಕ್ಕೆ 4 ಮೊಳೆಯುತ್ತದೆ, ಕ್ಯಾಸೊವರಿಯ ಹೊಟ್ಟೆ ದಾಟಿ ಬಂದರೆ 92! ಕೋಟ್ಯಂತರ ವರ್ಷದ ಕಾಡು ಒಂದು ಹಕ್ಕಿಯ ಜೀರ್ಣಶಕ್ತಿಯನ್ನು ನಂಬಿ ನಿಂತಿದೆ.

ಮುಂದಿನ ನಿಲ್ದಾಣ ಬ್ಯಾರನ್ ಜಲಪಾತ. ಡಿಸೆಂಬರಿನಿಂದ ಮಾರ್ಚ್‌ವರೆಗಿನ ಮಳೆಗಾಲದಲ್ಲಿ ಕಂದರವೇ ಕುಸಿದು ಬಿದ್ದಂತೆ ಭೋರ್ಗರೆಯುತ್ತದೆ, ಒಣ ತಿಂಗಳುಗಳಲ್ಲಿ ಬಂಡೆ ಹೊರಬರುತ್ತದೆ. ಜೋಗ ನೋಡಿದ ಕನ್ನಡಿಗರಿಗೆ ಕಾರಣ ಹೇಳಬೇಕಿಲ್ಲ. ಮೇಲೆ ಒಡ್ಡು, ಕೆಳಗೆ ವಿದ್ಯುದಾಗಾರ!

ಕೇಬಲ್ ಕಾರಿನ ದಾರಿ ಮುಗಿಯುವ ಕುರಾಂಡಾ ಊರಿನಲ್ಲಿ ಊಟ ಮುಗಿಸಿ ರೈಲು ಹತ್ತಿ. ಮರದ ಗಾಡಿಗಳು ಕುಲುಕುತ್ತ ಹೊರಟವೆಂದರೆ ನೀವು ಸೀದಾ ಹತ್ತೊಂಬತ್ತನೇ ಶತಮಾನಕ್ಕೆ ಬಂದಿರಿ! 1882ರ ಮಳೆಗಾಲದಲ್ಲಿ ಘಟ್ಟದ ಮೇಲಿನ ಹರ್ಬರ್ಟನ್‌ನ ತವರದ ಗಣಿಗಾರರಿಗೆ ಕರಾವಳಿಯಿಂದ ದಿನಸಿ ತಲುಪಲಿಲ್ಲ. ದಾರಿಯೆಲ್ಲ ಕೆಸರು. ಹಸಿವಿನ ಅಂಚಿಗೆ ಬಂದವರು ರೈಲು ಬೇಕೆಂದು ಹಟ ಹಿಡಿದರು. ಜಾನ್ ರಾಬ್ ಎಂಬ ಗುತ್ತಿಗೆದಾರನ ಕೈಗೆ ಘಟ್ಟದ ಕೆಲಸ ಬಂತು. ಒಮ್ಮೆಗೆ 1,500ರಷ್ಟು ಜನ, ಹೆಚ್ಚಿನವರು ಐರ್ಲೆಂಡ್, ಇಟಲಿಯವರು. ಗುದ್ದಲಿ, ಪಿಕಾಸಿ, ಡೈನಮೈಟು ಮತ್ತು ಬರಿಗೈ. ಕಡಿದಾದ ಇಳಿಜಾರು, ಮಳೆಗೆ ಜಾರುವ ಮಣ್ಣು, ಜ್ವರ. ಹಲವರು ಇಲ್ಲೇ ಸತ್ತರು. 15 ಸುರಂಗ, 90ಕ್ಕೂ ಹೆಚ್ಚು ತಿರುವುಗಳ ದಾರಿ 1891ರ ಜೂನ್‌ನಲ್ಲಿ ಕುರಾಂಡಾ ತಲುಪಿತು.

ಇಳಿಯುತ್ತ ಸ್ಟೋನಿ ಕ್ರೀಕ್ ಬಂದಾಗ ಕಿಟಕಿಗೆ ಅಂಟಿಕೊಳ್ಳಿ. ಬಿಲ್ಲಿನಂತೆ ಬಾಗಿದ ಕಬ್ಬಿಣದ ಸೇತುವೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಜಲಪಾತ. 1890ರ ಏಪ್ರಿಲ್‌ನಲ್ಲಿ ಗವರ್ನರ್ ಹೆನ್ರಿ ನಾರ್ಮನ್ ನೋಡಲು ಬಂದಾಗ ರಾಬ್ ಈ ಸೇತುವೆಯ ಮೇಲೇ ಮೇಜು ಹಾಕಿಸಿ ಔತಣ ಕೊಟ್ಟನಂತೆ. ಆ ದಿನ ಭಾಷಣವೇ ಆಗಲಿಲ್ಲವಂತೆ, ನೀರಿನ ಆರ್ಭಟದಲ್ಲಿ ಯಾರ ಮಾತೂ ಯಾರಿಗೂ ಕೇಳಲಿಲ್ಲ! ಸರ್ಕಾರಿ ಸಮಾರಂಭಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಕ್ಕೀತೆ?

ರೈಲಿನ ಎಂಜಿನ್ನಿನ ಮೈಮೇಲೆ ಬಣ್ಣಬಣ್ಣದ ಹೆಬ್ಬಾವಿನ ಚಿತ್ರವಿದೆ. ಅದು ಬುಡಾಜಿ. ಈ ಬೆಟ್ಟಗಳ ಮೂಲನಿವಾಸಿಗಳಾದ ಜಾಬುಗಾಯ್ ಜನರ ಕಥೆಯಲ್ಲಿ ಬ್ಯಾರನ್ ಕಂದರವನ್ನು ಕೊರೆದದ್ದು ಅದೇ ಹಾವು. ರೈಲು ಬಂದದ್ದು ಅವರ ಕಾಡನ್ನು ಸೀಳಿಕೊಂಡು. ಆ ನೆಲದ ಮೇಲೆ ಅವರಿಗಿರುವ ಪಾರಂಪರಿಕ ಹಕ್ಕನ್ನು ನ್ಯಾಯಾಲಯ ಮಾನ್ಯ ಮಾಡಿದ್ದು 2004ರಲ್ಲಿ.

ಈ ಎರಡು ದಾರಿಗಳ ನಡುವೆ 104 ವರ್ಷ. ಮೊದಲಿನವರು ಬದುಕಲು ಬೆಟ್ಟ ಕೊರೆದರು. ಆಮೇಲಿನವರು ಒಂದು ರಸ್ತೆಯೂ ಬೇಡವೆಂದು ಆಕಾಶದಿಂದ ಕಂಬ ಇಳಿಸಿದರು. ಮಳೆಕಾಡು ಎಂದರೇನು ಎಂಬುದು ಮನುಷ್ಯನಿಗೆ ಎಷ್ಟು ತಡವಾಗಿ ಅರ್ಥವಾಯಿತು ಎಂಬುದನ್ನು ಪುಸ್ತಕವಿಲ್ಲದೆ ಕಲಿಸುವ ದಾರಿ ಇದು. ಅದಕ್ಕೇ ಕೇಬಲ್ ಕಾರಿನಲ್ಲಿ ಹತ್ತಿ, ರೈಲಿನಲ್ಲಿ ಇಳಿಯಿರಿ. ಕಾಡು ಏನೆಂದು ಮೊದಲು ಗೊತ್ತಾದರೆ, ಅದನ್ನು ಕೊರೆದದ್ದು ಎಂಥ ಸಾಹಸ, ಎಂಥ ಗಾಯ ಎಂಬುದು ಆಮೇಲೆ ತಾನಾಗಿ ಹೊಳೆಯುತ್ತದೆ. ಹಾಂ, ಇಳಿಯುವಾಗ ಎಡಗಡೆಯ ಕಿಟಕಿಯನ್ನೇ ಹಿಡಿಯಿರಿ, ಕಂದರವೆಲ್ಲ ಆ ಕಡೆಗೇ ಇದೆ!